ವಾಲ್ವಿಗೆ ನೇತುಹಾಕಿದ ಕೀ

ನನ್ನ ಗಂಡ ಎಗಿಲ್ ಮತ್ತು ಅವನ ಅಣ್ಣ ಥೋರ್ಲಾಕ್ ಎರಡು ವರ್ಷ ಒಂದೇ ಬೋಟಿನಲ್ಲಿ ಏಡಿ ಹಿಡಿದರು, ಪರಸ್ಪರ ಒಂದು ಮಾತೂ ಆಡದೆ. ಹೇಳಿದರೆ ಜನ ನಂಬುವುದಿಲ್ಲ. ಅಷ್ಟು ಚಿಕ್ಕ ಬೋಟಿನಲ್ಲಿ, ಒಬ್ಬನ ಮೊಣಕೈ ಇನ್ನೊಬ್ಬನ ಪಕ್ಕೆಗೆ ತಾಗುವಷ್ಟು ಜಾಗದಲ್ಲಿ, ಅದು ಹೇಗೆ ಸಾಧ್ಯ ಎಂದು ಕೇಳುತ್ತಾರೆ. ಸಾಧ್ಯ. ಅವರು ಇಂಜಿನ್ ಜೊತೆ ಮಾತಾಡುತ್ತಿದ್ದರು.

"ಮುದುಕಿ, ನಿಂಗೆ ಎಣ್ಣೆ ಸಾಲ್ತಿಲ್ಲ ಕಣೇ. ಯಾರಿಗಾದ್ರೂ ಕೈಕಾಲು ನೆಟ್ಟಗಿದ್ರೆ ಒಂದು ಡಬ್ಬ ತಂದು ಸುರೀತಿದ್ರು" ಎಂದು ಥೋರ್ಲಾಕ್ ಇಂಜಿನ್ನಿಗೆ ಹೇಳುವುದು. ಎಗಿಲ್ ಡಬ್ಬ ತಂದು ಸುರಿದು, "ಕುಡಿ ತಾಯಿ, ಹೊಟ್ಟೆ ತುಂಬ ಕುಡಿ. ನಿನ್ನ ಯಜಮಾನಂಗೆ ಡಬ್ಬ ಎತ್ತಕ್ಕೂ ಆಗಲ್ವಂತೆ" ಅನ್ನುವುದು. ಇಂಜಿನ್ ಪಾಪ, ಇಬ್ಬರಿಗೂ ಒಂದೇ ಥರ ಗುಡುಗುಡು ಅನ್ನುತ್ತಿತ್ತು. ಮೊದಲ ಸಲ ಇದನ್ನು ನೋಡಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಮನೆಗೆ ಬಂದ ಮೇಲೆ ಅಳು ಬಂತು.

ದಡದಲ್ಲಿ ಇಂಜಿನ್ ಇಲ್ಲವಲ್ಲ, ಅಲ್ಲಿ ಆ ಕೆಲಸಕ್ಕೆ ನಾನಿದ್ದೆ. "ರೂನಾ, ನಿನ್ನ ಗಂಡಂಗೆ ಹೇಳು, ನಾಳೆ ಬೆಳಿಗ್ಗೆ ಬೇಗ ಹೊರಡೋದು." "ರೂನಾ, ಆ ಮಹಾನುಭಾವನಿಗೆ ಹೇಳು, ಬೇಗ ಅಂದ್ರೆ ಎಷ್ಟು ಹೊತ್ತಿಗೆ ಅಂತ." ಇಬ್ಬರೂ ಎದುರಿಗೇ ನಿಂತಿರುತ್ತಿದ್ದರು. ನಾನು ಕತ್ತು ಆ ಕಡೆ ಈ ಕಡೆ ತಿರುಗಿಸಿ ಅದೇ ಮಾತು ಮತ್ತೆ ಹೇಳಬೇಕು. ಥೋರ್ಲಾಕನ ಹೆಂಡತಿ ಡಿಸಾ ಮೊದಲ ವಾರವೇ, "ನನ್ನ ಕೈಲಿ ಈ ನಾಟಕ ಆಗಲ್ಲ" ಎಂದು ಕೈ ತೊಳೆದುಕೊಂಡಿದ್ದಳು. ನಾನು ತೊಳೆದುಕೊಳ್ಳಲಿಲ್ಲ. ಏಡಿಯ ಬುಟ್ಟಿ ನೀರಿಗೆ ಜಾರುವಾಗ ಹಗ್ಗ ಯಾರ ಕಾಲಿಗಾದರೂ ಸುತ್ತಿಕೊಂಡರೆ ಇನ್ನೊಬ್ಬ ಕೂಗಬೇಕು. ಆ ಹೊತ್ತಿನಲ್ಲೂ ಇವರು ಇಂಜಿನ್ ಕಡೆ ತಿರುಗಿ ಹೇಳಿದರೆ ಏನು ಗತಿ? ನನಗೆ ಬೇಕಾಗಿದ್ದು ಇಷ್ಟೇ: ನಾನು ನಡುವೆ ಇಲ್ಲದೆ ಅವರಿಬ್ಬರೂ ಒಂದು ಮಾತಾಡಬೇಕು.

ಮುನಿಸಿನ ಕಾರಣ ಕೇಳಿದರೆ ನಿಮಗೆ ನಗು ಬರಬಹುದು. ನಮ್ಮ ಬಂದರಿನ ಬಾಯಲ್ಲಿ ಒಂದು ಮರಳ ದಿಬ್ಬ ಇದೆ, ಊರಿನ ಮಕ್ಕಳಿಗೂ ಅದು ಎಲ್ಲಿದೆ ಎಂದು ಗೊತ್ತು. ಒಂದು ಬೆಳಿಗ್ಗೆ ಬೋಟ್ ಹೋಗಿ ಅದರ ಮೇಲೆ ಕೂತಿತು. ನೀರು ಇಳಿಯುವ ಹೊತ್ತು ಬೇರೆ. ಮತ್ತೆ ಏರುವ ತನಕ ಬೋಟ್ ಪಕ್ಕೆ ಮೇಲೆ ಮಾಡಿ ಮಲಗಿತ್ತು, ಊರಿಗೆ ಊರೇ ದಡದಲ್ಲಿ ನಿಂತು ನೋಡಿತು. ಚುಕ್ಕಾಣಿ ಹಿಡಿದಿದ್ದವನು ಥೋರ್ಲಾಕ್, ಹಿಡಿದೇ ತೂಕಡಿಸಿದ್ದ. ಎಗಿಲ್ ಕೆಳಗೆ ಮಲಗಿದ್ದ. ಮರುದಿನ ಬಂದರಿನ ಕಾಫಿ ಅಂಗಡಿಯಲ್ಲಿ ಎಲ್ಲರೂ ಸೇರಿ ಥೋರ್ಲಾಕನನ್ನು ಆಡಿಕೊಂಡಾಗ ಅವನು, "ಚುಕ್ಕಾಣಿ ಎಗಿಲ್ ಕೈಲಿತ್ತು ಕಣ್ರೋ" ಎಂದುಬಿಟ್ಟ. ಎಗಿಲ್ ಅವನ ಬೆನ್ನ ಹಿಂದೆಯೇ ಕಪ್ ಹಿಡಿದು ನಿಂತಿದ್ದ. ಅಲ್ಲೇ "ಸುಳ್ಳು" ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ. ಕಪ್ಪನ್ನು ಇಟ್ಟು ಹೊರಗೆ ಬಂದ, ಬಾಯಿಗೆ ಬೀಗ ಹಾಕಿಕೊಂಡ. "ಸುಳ್ಳು ಹೇಳಿದೋನು ಅವನು, ತಿದ್ದಬೇಕಾದೋನೂ ಅವನೇ" ಎಂಬುದು ಅವನ ವಾದ. ಇವರ ತಾತ ಐಸ್‌ಲ್ಯಾಂಡಿನಿಂದ ಸಿಯಾಟಲ್‌ಗೂ ಉತ್ತರದ ಈ ಬಂದರಿಗೆ ಬರುವಾಗ ಒಂದು ಪೆಟ್ಟಿಗೆ ಮಾತ್ರ ತಂದಿದ್ದನಂತೆ. ಪೆಟ್ಟಿಗೆಯ ತುಂಬ ಹಟವನ್ನೇ ತುಂಬಿಕೊಂಡು ಬಂದಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ನಾನೂ ಅದೇ ಜನ, ಆದ್ದರಿಂದ ಹೇಳುವ ಹಕ್ಕಿದೆ.

ಡಿಸೆಂಬರ್ ನಡುವಿನಿಂದ ಬೋಟ್ ಜೆಟ್ಟಿಗೆ ಕಟ್ಟಿಯೇ ಇರುತ್ತದೆ. ಇಲ್ಲಿ ಚಳಿಗಾಲವೆಂದರೆ ಮಳೆ ಅಷ್ಟೇ, ಬೋಟನ್ನು ಯಾರೂ ದಡಕ್ಕೆ ಎಳೆಯುವುದಿಲ್ಲ. ಹೆಚ್ಚಿನವರು ಇಂಜಿನ್ ಕೋಣೆಯಲ್ಲಿ ಹಳೇ ಕಾಲದ ಬಿಸಿಯಾಗುವ ಬಲ್ಬ್ ಒಂದನ್ನು ಹಗಲೂ ರಾತ್ರಿ ಉರಿಯಲು ಬಿಟ್ಟು ಹೋಗುತ್ತಾರೆ. ಇಂಜಿನ್ನಿನೊಳಗಿನ ನೀರು ಹೆಪ್ಪುಗಟ್ಟದಿರಲು ಆ ಕಾವು ಸಾಕು. ಆದರೆ ಕೆಲವು ವರ್ಷಕ್ಕೊಮ್ಮೆ ಗಡಿಯಾಚೆಯ ಫ್ರೇಸರ್ ಕಣಿವೆಯಿಂದ ಕೊರೆಯುವ ಚಳಿಗಾಳಿ ಇಳಿಯುತ್ತದೆ, ಅದು ಬಂದರೆ ಬಲ್ಬನ್ನು ನಂಬುವಂತಿಲ್ಲ. ನನ್ನ ಮಾವ ಬೆರ್ಗುರ್ ಬಲ್ಬ್ ಎಂದರೆ ಮೂಗು ಮುರಿಯುತ್ತಿದ್ದ. "ಇಂಜಿನ್ನಿಗೆ ದೀಪ ಹಚ್ಚಿಡಕ್ಕೆ ಅದೇನು ದೇವರಾ?" ಅನ್ನುವವನು. ಅವನ ಪದ್ಧತಿಯೇ ಬೇರೆ. ಸಮುದ್ರದ ನೀರನ್ನು ಇಂಜಿನ್ನಿಗೆ ಬಿಡುವ ವಾಲ್ವ್ ಮುಚ್ಚುವುದು, ಇಂಜಿನ್ನಿನ ಮೈಯಲ್ಲಿರುವ ಪುಟ್ಟ ನಲ್ಲಿಗಳನ್ನೆಲ್ಲ ತೆರೆದು ಒಳಗಿನ ನೀರನ್ನು ಕೊನೆಯ ಹನಿಯವರೆಗೆ ಬಸಿಯುವುದು, ಇಂಜಿನ್ನಿನ ಕೀಯನ್ನು ತಂದು ವಾಲ್ವಿನ ಹಿಡಿಗೆ ನೇತುಹಾಕುವುದು. ಒಣಗಿದ ಇಂಜಿನ್ನಿನಲ್ಲಿ ಹೆಪ್ಪುಗಟ್ಟಲು ಏನಿದೆ? ಮಾವ ಸತ್ತ ಮೇಲೆ ಇಂಜಿನ್ನಿನ ಕೆಲಸ ಥೋರ್ಲಾಕನದಾಯಿತು, ಮೇಲಿನ ಹಗ್ಗ, ಬುಟ್ಟಿ, ಬಣ್ಣ ಎಲ್ಲ ಎಗಿಲನದು. ಎಗಿಲ್ ಆ ನಲ್ಲಿಗಳನ್ನು ಒಮ್ಮೆಯೂ ತನ್ನ ಕೈಯಿಂದ ತೆರೆದವನಲ್ಲ.

ಆ ವರ್ಷ ಬೋಟ್ ಕಟ್ಟಿದ ವಾರವೇ ಡಿಸಾ ಫೋನ್ ಮಾಡಿದಳು. ಥೋರ್ಲಾಕನಿಗೆ ಎದೆನೋವು. ಇಲ್ಲಿನ ಡಾಕ್ಟರ್ ನೋಡಿದವರೇ ಆಂಬ್ಯುಲೆನ್ಸಿನಲ್ಲಿ ಸಿಯಾಟಲ್‌ಗೆ ಕಳಿಸಿದ್ದಾರೆ, ಎದೆ ತೆರೆದು ಆಪರೇಷನ್ ಮಾಡಬೇಕಂತೆ. ನಾನು ಎಗಿಲ್‌ಗೆ ಹೇಳಿದೆ. ಅವನು ಕೈಯಲ್ಲಿದ್ದ ಹಗ್ಗದ ಗಂಟು ಬಿಚ್ಚುತ್ತಲೇ ಇದ್ದ. ಅದು ಬಿಚ್ಚಿ ಎಷ್ಟೋ ಹೊತ್ತಾಗಿತ್ತು.

"ಹೋಗ್ಬರೋಣ ನಡಿ" ಅಂದೆ.

"ಅವನು ಕರೆದ್ನಾ?"

"ಎದೆ ಹಿಡ್ಕೊಂಡು ಬಿದ್ದಿರೋನು ಕರೆಯೋಲೆ ಕಳಿಸ್ತಾನಾ?"

"ಕರೆದ್ರೆ ಹೋಗ್ತೀನಿ. ಕರೀದೆ ಹೋದ್ರೆ, ಸಾಯೋದು ನೋಡಕ್ ಬಂದ ಅಂತಾನೆ."

ಮೂರ್ಖ. ಆದರೆ ಆ ರಾತ್ರಿ ಅವನು ಊಟ ಬಿಟ್ಟು ಎದ್ದ, ಅದನ್ನೂ ಹೇಳಬೇಕು.

ಎರಡು ದಿನ ಕಳೆದಿರಬಹುದು, ರೇಡಿಯೋದಲ್ಲಿ ಫ್ರೇಸರ್ ಗಾಳಿ ಬರುತ್ತದೆಂದು ಹೇಳಿದರು. ಹೊರಗೆ ಆಗಿನ್ನೂ ಮಳೆ, ಕಿಟಕಿ ತೆರೆದು ಕೂರುವಷ್ಟು ಬೆಚ್ಚಗಿತ್ತು. ನಾನು ಎಗಿಲ್‌ಗೆ, ಇಂಜಿನ್ ನೋಡಿಕೊಂಡು ಬಾ ಅಂದೆ. "ಅದು ಅವನ ಕೆಲಸ" ಅಂದ. ನಾನು ಬೂಟುಗಳನ್ನು ತಂದು ಅವನ ಕಾಲ ಮುಂದೆ ಇಟ್ಟೆ. ಗೊಣಗುತ್ತ ಹೋದ, ಬೇಗನೆ ಬಂದ.

"ಕೀ ನೇತಾಕಿದೆ" ಅಂದ.

"ನಲ್ಲಿ ತೆಗ್ದು ನೋಡಿದ್ಯಾ?"

"ಕೀ ನೇತಾಕಿದೆ ಅಂದ್ರೆ ಕೆಲಸ ಮುಗ್ದಿದೆ ಅಂತ. ಅಪ್ಪನ ಕಾಲದಿಂದ ಹಾಗೇನೆ. ನಲ್ಲಿ ಬೇರೆ ಯಾಕೆ ತೆಗೀಲಿ?"

ನನಗೆ ಸಮಾಧಾನ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸತ್ಯ ಹೇಳಬೇಕೆಂದರೆ, ಇದೊಂದು ಒಳ್ಳೆಯ ನೆಪ ಅನ್ನಿಸಿತು. ಇಂಜಿನ್ ವಿಷಯ ಬಂದರೆ ಇಬ್ಬರೂ ಕಿವಿ ನೆಟ್ಟಗೆ ಮಾಡುತ್ತಾರೆ. ಆಸ್ಪತ್ರೆಗೆ ಫೋನ್ ಹಚ್ಚಿದೆ. ಡಿಸಾ ಎತ್ತಿ ಥೋರ್ಲಾಕನ ಕೈಗೆ ಕೊಟ್ಟಳು. ಅವನ ದನಿ ತೆಳ್ಳಗಾಗಿತ್ತು, ಕೊಂಕು ಮಾತ್ರ ಇದ್ದ ಹಾಗೇ ಇತ್ತು.

"ಏನ್ ರೂನಾ, ಹೂವಿನ ಹಾರಕ್ಕೆ ಅಳತೆ ತಗೊಳಕ್ಕೆ ಮಾಡಿದ್ಯಾ?"

"ನಿನ್ನ ಕತ್ತಿನ ಅಳತೆ ಊರಿಗೇ ಗೊತ್ತಿದೆ, ಬಿಡು. ಇಲ್ಲಿ ಗಾಳಿ ಬರುತ್ತಂತೆ. ಇಂಜಿನ್ ಬಸ್ದಿದೀಯಾ?"

"ಎಂಥ ಗಾಳಿ? ಇಲ್ಲಿ ಮಳೆ ಹೊಯ್ತಿದೆ. ಕಿಟಕಿ ಹೊರಗೆ ಹುಲ್ಲು ಹಸಿರಾಗಿದೆ. ರೇಡಿಯೋದವರಿಗೆ ಹೆದರ್ಸೋದೇ ಕಸುಬು."

"ಎಗಿಲ್ ನೋಡ್ಕೊಂಡು ಬಂದ. ಕೀ ನೇತಾಕಿದೆ ಅಂದ."

"ಹೌದು, ನೇತಾಕಿದೀನಿ" ಅಂದ. ಆಮೇಲೆ, "ಅವನು ಪಕ್ಕದಲ್ಲಿದಾನಾ?"

"ಇದಾನೆ."

"ಫೋನ್ ಕೊಡು ಅವನಿಗೆ."

ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು ಬಂದಿತ್ತು. ಫೋನನ್ನು ಎಗಿಲ್ ಕಡೆ ಚಾಚಿದೆ. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಲೆಯಾಡಿಸಿದ.

"ತಗೊಳಲ್ಲ ಅಂತಾನಾ?" ಎಂದು ಥೋರ್ಲಾಕ್ ಕೇಳಿದ. "ಅವನಿಗೆ ಹೇಳು. ಒಂದು ಮಾತು ಹೇಳ್ಬೇಕು ನಂಗೆ, ನನ್ನ ಬಾಯಿಂದಾನೇ. ಆ ಮರಳ ದಿಬ್ಬದ ವಿಷ್ಯ. ಇನ್ನೂ ಒಂದಿದೆ. ಅದನ್ನೂ ಅವನಿಗೇ ಹೇಳ್ಬೇಕು."

ನಾನು ಎಗಿಲ್‌ಗೆ ಹೇಳಿದೆ. ಅವನು ಫೋನಿಗೆ ಕೇಳುವಷ್ಟು ಜೋರಾಗಿ ನನಗೆ ಉತ್ತರ ಕೊಟ್ಟ. "ಊರೆಲ್ಲ ಕೂತಿದ್ದಾಗ ಅಂದಿದ್ದನ್ನ ಈಗ ಗುಟ್ಟಾಗಿ ಕಿವೀಲಿ ಹೇಳ್ತಾನಂತಾ? ಎಲ್ಲಿ ಅಂದ್ನೋ ಅಲ್ಲೇ ಬಂದು ಹೇಳ್ಲಿ."

ಥೋರ್ಲಾಕನಿಗೆ ಕೇಳಿಸಿತ್ತು. "ಬರ್ತೀನಿ ಅನ್ನು. ಎದೆ ಹೊಲಿಸ್ಕೊಂಡು ಸೀದಾ ಕಾಫಿ ಅಂಗಡಿಗೇ ಬರ್ತೀನಿ. ಎಲ್ಲರೆದುರೇ ಹೇಳ್ತೀನಿ. ಆಯ್ತಾ?"

ಫೋನ್ ಇಟ್ಟ ಮೇಲೆ ನಾನು ಅಡಿಗೆಮನೆಯಲ್ಲಿ ನಿಂತು ಕಣ್ಣನ್ನು ತೋಳಿನಿಂದಲೇ ಒರೆಸಿಕೊಂಡೆ. ಎಗಿಲ್ ಬಂದು, "ಅವನು ನಿಜವಾಗ್ಲೂ ಹೇಳ್ತಾನೆ ಅಂತೀಯಾ?" ಎಂದು ಕೇಳಿದ. ಮುಖ ಗಂಟಿಕ್ಕಿಕೊಂಡೇ ಕೇಳಿದ, ಆದರೆ ಮತ್ತೆ ಎರಡು ಸಲ ಕೇಳಿದ.

ಗಾಳಿ ಮಾರನೆಯ ದಿನವೇ ಬಂತು. ಬೆಳಿಗ್ಗೆ ಇದ್ದ ಮಳೆ ಮಧ್ಯಾಹ್ನಕ್ಕೆ ನಿಂತು, ಸಂಜೆಗೆ ಬಕೆಟ್ಟಿನಲ್ಲಿಟ್ಟ ನೀರು ಗಟ್ಟಿಯಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು, ಜೆಟ್ಟಿಯ ಬಲ್ಬುಗಳೆಲ್ಲ ಒಟ್ಟಿಗೇ ಆರಿದವು. ಗಂಡಸರು ಬಿದ್ದಂಬೀಳ ಓಡಿದರು. ನಾನೂ ಬಿಸಿ ಕಾಫಿ ಫ್ಲಾಸ್ಕ್ ಹಿಡಿದು ಹೋದೆ. ಹಲಗೆಗಳ ಮೇಲೆ ಮಂಜು ಕಟ್ಟಿ ನಡೆಯಲು ಆಗುತ್ತಿರಲಿಲ್ಲ. ನಮ್ಮ ಬೋಟಿನ ಪಕ್ಕದಲ್ಲೇ ಕ್ಯಾರ್ತನ್ ಎಂಬವನ ಬೋಟ್. ಬಲ್ಬನ್ನೇ ನಂಬಿದ್ದವನು, ಈಗ ಕೈ ಮರಗಟ್ಟಿ ನಲ್ಲಿ ತಿರುಗಿಸಲಾಗದೆ ಕೂತು ಶಪಿಸುತ್ತಿದ್ದ.

"ನಿಮ್ದು ಹೇಗೋ ಎಗಿಲ್?" ಎಂದ.

"ನಮ್ದು ಬಲ್ಬಿನ ಮೇಲೆ ನಿಂತಿಲ್ಲ ಮಾರಾಯ. ಕೀ ನೇತಾಕಿದೆ" ಎಂದು ಎಗಿಲ್ ಎದೆಯುಬ್ಬಿಸಿ ಹೇಳಿದ. "ಏಳು, ಆ ಸ್ಪ್ಯಾನರ್ ಕೊಡು ಇಲ್ಲಿ. ನಾನು ತಿರುಗಿಸ್ತೀನಿ."

ಅವತ್ತು ಎಗಿಲ್ ಹೊಟ್ಟೆ ಅಡಿ ಮಾಡಿ ಮಲಗಿ ಕ್ಯಾರ್ತನ್‌ನ ಇಂಜಿನ್ ಬಸಿದ, ಅದರಾಚೆಯ ಬೋಟಿನದನ್ನೂ ಬಸಿದ. ಅಣ್ಣನ ಕೆಲಸ ತನಗೂ ಬರುತ್ತದೆ ಎಂದು ತೋರಿಸುವ ಚಪಲ ಇತ್ತು ಅನ್ನಿಸುತ್ತದೆ. ನಮ್ಮ ಬೋಟ್ ಒಂದು ಹೆಜ್ಜೆ ಆಚೆಗೆ ಕಟ್ಟಿತ್ತು. ಅದರ ಮೇಲೆ ಕೂತೇ ಅವನು ಕೈ ಉಜ್ಜಿಕೊಂಡು ಕಾಫಿ ಕುಡಿದ.

ಗಾಳಿ ನಿಂತು ಮತ್ತೆ ಮಳೆ ಹಿಡಿಯಿತು. ಥೋರ್ಲಾಕನ ಆಪರೇಷನ್ ಚೆನ್ನಾಗಿ ಆಯಿತು ಎಂದು ಡಿಸಾ ತಿಳಿಸಿದಳು. ಅದೇ ಸಂತೋಷದಲ್ಲಿ ಎಗಿಲ್ ತಾನಾಗಿಯೇ, "ಬೋಟ್ ಒಳಗೆ ಒರೆಸಿ ಬರ್ತೀನಿ, ಅವನು ಬಂದಾಗ ಗಲೀಜಿರಬಾರದು" ಎಂದು ಹೋದ. ಮರಳಿ ಬಂದವನು ಒಳಗೆ ಬರದೆ ಮೆಟ್ಟಿಲ ಮೇಲೇ ಕೂತ. ಬೂಟು ಬಿಚ್ಚಲಿಲ್ಲ.

"ಸೀಳಿದೆ" ಅಂದ.

"ಏನು?"

"ಇಂಜಿನ್. ಪಕ್ಕದಲ್ಲಿ ಗೇಣುದ್ದ ಸೀಳಿದೆ. ಹಿಮ ಕರಗಿ ನೀರು ಅದರಿಂದ ಸೋರ್ತಾ ಇದೆ. ಒಂದು ಹನೀನೂ ಬಸ್ದಿಲ್ಲ ಅವನು. ಸುಮ್ನೆ ವಾಲ್ವ್ ಮುಚ್ಚಿ, ಕೀ ನೇತಾಕಿ, ಕೈ ಒರೆಸ್ಕೊಂಡು ಹೋಗಿದಾನೆ."

ಅದು ಮಾವನ ಕಾಲದ ಇಂಜಿನ್. ಮಾಡಿದ ಕಂಪನಿ ಮುಚ್ಚಿ ಒಂದು ತಲೆಮಾರಾಗಿತ್ತು. ಬೆಸುಗೆ ಹಾಕುವಂಥ ಸೀಳಲ್ಲ, ಬದಲಿ ಸಿಗುವಂಥ ಭಾಗವೂ ಅಲ್ಲ. ಹೊಸ ಇಂಜಿನ್ ಹಾಕುವಷ್ಟು ಬೆಲೆ ಆ ಬೋಟಿಗೇ ಇರಲಿಲ್ಲ. ಇಬ್ಬರ ಮನೆಯ ಒಲೆಯೂ ಅದರಿಂದಲೇ ಉರಿಯುತ್ತಿದ್ದದ್ದು. ಆದರೆ ನನಗೆ ಆ ಕ್ಷಣ ಹೊಳೆದದ್ದು ಅದಲ್ಲ, ಕಾಫಿ ಅಂಗಡಿ.

"ಎಗಿಲ್, ಇದನ್ನ ಯಾರಿಗೂ ಹೇಳ್ಬೇಡ. ಅವನು ಬರೋ ತನಕ ಬಾಯಿ ಮುಚ್ಕೊಂಡಿರು. ಅವನು ಬಂದು ಮರಳ ದಿಬ್ಬದ ಮಾತು ಹೇಳ್ತೀನಿ ಅಂದಿದಾನಲ್ಲ."

"ಅವತ್ತು ಅಂಗಡೀಲಿ ಸುಳ್ಳು ಹೇಳೋಕೆ ಮುಂಚೆ ಅವನು ನಾನು ಬರೋ ತನಕ ಕಾದಿದ್ನಾ?" ಎಂದು ಎದ್ದ. ಅಂಗಿ ಹಿಡಿದು ಎಳೆದೆ, ಗುಂಡಿ ಕಿತ್ತು ನನ್ನ ಕೈಗೆ ಬಂತು. ಅವನು ಸೀದಾ ಅಂಗಡಿಗೆ ಹೋಗಿ, ಬಾಗಿಲಲ್ಲೇ ನಿಂತು, ಅಣ್ಣ ಇಂಜಿನ್ ಕೊಂದ ಎಂದು ಊರಿಗೆ ಸಾರಿಬಂದ. ಎರಡು ವರ್ಷ ಮೂಕನಂತಿದ್ದವನಿಗೆ ಅವತ್ತು ಎಲ್ಲಿಂದ ಬಂತೋ ಅಷ್ಟು ಮಾತು.

ಥೋರ್ಲಾಕ್ ಮನೆಗೆ ಬಂದ ಮೇಲೆ ನಾನು ಒಣ ಪ್ಲಮ್ ಹಣ್ಣಿನ ಪದರದ ಕೇಕ್ ಮಾಡಿಕೊಂಡು ಹೋದೆ. ಸೋಫಾದಲ್ಲಿ ಎದೆಗೆ ದಿಂಬು ಅವಚಿಕೊಂಡು ಕೂತಿದ್ದ. ಅಷ್ಟು ದೊಡ್ಡ ಆಳು, ಅರ್ಧ ಆಗಿದ್ದ. ಊರ ಬಾಯಿಯಿಂದ ಅವನಿಗೆ ಎಲ್ಲ ತಲುಪಿತ್ತು.

"ಯಾಕೆ ಬಸೀಲಿಲ್ಲ ಥೋರ್ಲಾಕ್?" ಎಂದು ಕೇಳಿದೆ.

"ವಾಲ್ವ್ ಮುಚ್ಚಿ ಕೀ ನೇತಾಕಿದೆ. ನಲ್ಲಿಗೆ ಅಂತ ಬಗ್ಗಿದೆ ನೋಡು, ಎದೆ ಹಿಡ್ಕೊಂತು. ಅಂಬೆಗಾಲಲ್ಲಿ ಏಣಿ ಹತ್ತಿದೆ ರೂನಾ. ಜೆಟ್ಟಿ ಮೇಲೆ ಮಳೇಲಿ ಕೂತಿದ್ದೆ, ಕ್ಯಾರ್ತನ್ ನೋಡ್ಕೊಂಡೇ ಹೋದ, ಮುನಿಸ್ಕೊಂಡು ಕೂತಿದಾನೆ ಅಂತ ತಿಳ್ಕೊಂಡ."

"ಫೋನಲ್ಲಿ ಒಂದು ಮಾತು ಅನ್ನಬಾರದಿತ್ತಾ?"

"ಅದಕ್ಕೇ ಅಲ್ವಾ ಅವನಿಗೆ ಕೊಡು ಅಂದಿದ್ದು! ನನ್ನ ಕೈಲಿ ಆಗ್ಲಿಲ್ಲ, ನೀನು ಮುಗಿಸೋ ತಮ್ಮಾ ಅಂತ ಅವನನ್ನೇ ಕೇಳ್ಬೇಕು ಅಂತಿದ್ದೆ. ಅದು ಯಾರದೋ ಬಾಯಲ್ಲಿ ಹೇಳಿ ಕಳ್ಸೋ ಮಾತಾ? ಇಲ್ಲಿ ಮಳೆ ಇತ್ತು. ಹೆಪ್ಪುಗಟ್ಟುತ್ತೆ ಅಂತ ಯಾರಿಗೆ ಗೊತ್ತಿತ್ತು?"

ನಾನು ಬೇಡಿಕೊಂಡೆ. ಆಗಿದ್ದು ಆಯಿತು, ಆ ಮರಳ ದಿಬ್ಬದ ಮಾತು ಹೇಳಿಬಿಡು, ಅಷ್ಟಾದರೂ ಉಳಿಯಲಿ ಅಂದೆ. ಅವನು ದಿಂಬಿನ ಮೂಲೆ ತಿರುಚುತ್ತ ಕೂತಿದ್ದು, "ಬರ್ತೀನಿ ಅಂದಿದೀನಲ್ಲ, ಬರ್ತೀನಿ" ಅಂದ.

ಬಂದ ಕೂಡ. ಡಿಸಾ ಕಾರಿನಲ್ಲಿ ತಂದು ಇಳಿಸಿದಳು. ಎದೆನೋವಿನಿಂದ ಬಸಿಯುವ ಕೆಲಸ ನಿಂತಿದ್ದನ್ನು ಎಗಿಲ್‌ಗೆ ಹೇಳಿ, ನಾನು ಅವನನ್ನು ಮೊದಲೇ ಕರೆದೊಯ್ದು ಕೂರಿಸಿದ್ದೆ. ಅಂಗಡಿಯಲ್ಲಿ ಕ್ಯಾರ್ತನ್ ಇದ್ದ, ಇನ್ನೂ ಹತ್ತಾರು ಜನ. ಥೋರ್ಲಾಕ್ ಒಳಗೆ ಕಾಲಿಟ್ಟಾಗ ಚಮಚದ ಸದ್ದೂ ನಿಂತಿತು. ಅವನು ಬಂದು ನಮ್ಮ ಮೇಜಿಗೇ ಕೂತ. ನಡುವೆ ನಾನು. ಕಾಫಿ ಬಂತು, ಅಣ್ಣತಮ್ಮಂದಿರಿಬ್ಬರೂ ಒಂದೇ ಥರ ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಕುಡಿದರು. ನನ್ನಲ್ಲಿ ಭರವಸೆ ಹುಟ್ಟಿತು.

ಥೋರ್ಲಾಕ್ ಕಪ್ ಕೆಳಗಿಟ್ಟು ತಮ್ಮನ ಮುಖವನ್ನು ನೇರವಾಗಿ ನೋಡಿದ. ಎರಡು ವರ್ಷದ ಮೇಲೆ ಅವನ ಬಾಯಿಂದ ತಮ್ಮನಿಗೆ ಬಂದ ಮೊದಲ ಮಾತು ಇದು: "ನಲ್ಲಿ ತಿರುಗಿಸಿ ನೋಡಕ್ಕೆ ನಿನ್ನ ಬೆರಳು ಬಿದ್ದೋಗಿದ್ವಾ?"

"ಕೀ ನೇತಾಕಿತ್ತು" ಎಂದ ಎಗಿಲ್.

"ಕೀ ನೇತಾಕಿದ್ರೆ ವಾಲ್ವ್ ಮುಚ್ಚಿದೆ, ಇಂಜಿನ್ ಮುಟ್ಬೇಡ ಅಂತ. ಅಷ್ಟೇ. ಮುಚ್ಚಿದ ತಕ್ಷಣ ಕೀ ನೇತಾಕು, ಆಮೇಲೆ ನಲ್ಲಿಗೆ ಕೈ ಹಾಕು. ಅಪ್ಪ ನಂಗೆ ಕೈ ಹಿಡಿದು ಕಲಿಸಿದ್ದು."

"ನಂಗೂ ಅಪ್ಪಾನೇ. ನೀವಿಬ್ರು ಕೆಳಗಿರ್ತಿದ್ರಿ, ನಾನು ಮೇಲೆ ಚಳೀಲಿ ಕಾಯ್ತಿದ್ದೆ. ಎಲ್ಲ ಮುಗಿದ ಮೇಲೆ ಅಪ್ಪ ಕೂಗೋನು, 'ಕೀ ನೇತಾಕಿದೆ, ಮನೆಗೆ ನಡಿ' ಅಂತ. ನೇತಾಕಿದೆ ಅಂದ್ರೆ ಮುಗೀತು ಅಂತ."

"ನೀನು ಮೇಲೆ ನಿಂತು ಕೇಳಿದ್ದು ಶಾಸ್ತ್ರ, ನಾನು ಕೆಳಗೆ ಕಲಿತಿದ್ದು ಸುಳ್ಳಾ?"

"ಸುಳ್ಳಲ್ಲಿ ನೀನೇ ಪಂಡಿತ, ನಂಗೇನು ಗೊತ್ತು?"

ನಲವತ್ತು ವರ್ಷ ಒಂದೇ ಕೀಯನ್ನು ನೋಡುತ್ತ ಒಬ್ಬ ಒಂದು ತಿಳಿದುಕೊಂಡಿದ್ದ, ಇನ್ನೊಬ್ಬ ಇನ್ನೊಂದು. ಪ್ರತಿ ವರ್ಷವೂ ಥೋರ್ಲಾಕ್ ಕೆಲಸ ಮುಗಿಸಿಯೇ ಮೇಲೆ ಬರುತ್ತಿದ್ದುದರಿಂದ ಎರಡೂ ನಿಜವಾಗಿಯೇ ಇದ್ದವು. ಯಾರೂ ಯಾರನ್ನೂ ಕೇಳಬೇಕಾಗಿ ಬಂದಿರಲಿಲ್ಲ. ಬೇಕಾಗಿ ಬಂದ ವರ್ಷ ಇವರಿಗೆ ಮಾತೇ ಇರಲಿಲ್ಲ.

ಈಗ ಇಬ್ಬರೂ ಸತ್ತ ಅಪ್ಪನ ಒಂದೊಂದು ಕೈ ಹಿಡಿದು ಎಳೆದಾಡುತ್ತಿದ್ದರು. ನಾನು ಮೇಜು ಬಡಿದೆ. "ಥೋರ್ಲಾಕ್, ನೀನು ಬಂದಿದ್ದು ಇದಕ್ಕಲ್ಲ. ಹೇಳು. ಹೇಳ್ತೀನಿ ಅಂದಿದ್ದನ್ನ ಹೇಳು."

ಅವನು ಸುತ್ತ ನೋಡಿದ. ಎಲ್ಲರ ಕಣ್ಣೂ ಅವನ ಮೇಲಿತ್ತು. ಒಂದು ಕ್ಷಣ ಅವನ ತುಟಿ ಅಲುಗಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ಎಗಿಲ್ ಕ್ಯಾರ್ತನ್ ಕಡೆ ತಿರುಗಿ, "ನೋಡ್ತಿರು, ಈಗ ಮರಳ ದಿಬ್ಬಕ್ಕೂ ಹೃದ್ರೋಗಾನೇ ಕಾರಣ ಅಂತಾನೆ" ಎಂದು ನಕ್ಕ. ಕ್ಯಾರ್ತನ್ ನಗಲಿಲ್ಲ. ಯಾರೂ ನಗಲಿಲ್ಲ.

ಥೋರ್ಲಾಕನ ಮುಖ ಕೆಂಪಾಗಿ, ಆಮೇಲೆ ಬಿಳುಪಾಯಿತು. "ಹೇಳ್ತೀನಿ ಕೇಳ್ರಪ್ಪ" ಎಂದು ಇಡೀ ಅಂಗಡಿಗೆ ಕೇಳುವಂತೆ ಅಂದ. "ಅವತ್ತು ಚುಕ್ಕಾಣಿ ಎಗಿಲ್ ಕೈಲೇ ಇತ್ತು. ಮೊನ್ನೆ ಇಂಜಿನ್ನೂ ಎಗಿಲ್ ಕೈಲೇ ಇತ್ತು. ಎರಡೂ ಎಲ್ಲಿಗೆ ಬಂತು ನೋಡಿದ್ರಲ್ಲ."

ಎಗಿಲ್ ನನ್ನ ಕಡೆ ತಿರುಗಿದ. "ರೂನಾ, ನಂಗೆ ಕೇಳಿಸ್ತು ಅಂತ ಅವನಿಗೆ ಹೇಳು."

"ರೂನಾ, ಕೇಳಿಸ್ಲಿ ಅಂತಾನೇ ಹೇಳಿದ್ದು ಅಂತ ಅವನಿಗೆ ಹೇಳು" ಎಂದ ಥೋರ್ಲಾಕ್.

ಇಬ್ಬರೂ ನನ್ನ ಮುಖ ನೋಡುತ್ತ ಕಾದರು. ನಾಚಿಕೆಯಿಲ್ಲದವರು, ನಿಜವಾಗಿಯೂ ಕಾದರು. ನಾನು ಕೋಟು ತೆಗೆದುಕೊಂಡೆ. "ಇವತ್ತಿಗೆ ನನ್ನ ಅಂಚೆ ಮುಚ್ಚಿತು. ಇನ್ನು ಮೇಲೆ ನೀವುಂಟು, ನಿಮ್ಮ ಹಾಳು ಬಾಯುಂಟು" ಎಂದು ಹೇಳಿ ಹೊರಗೆ ಬಂದೆ. ದಾರಿಯುದ್ದಕ್ಕೂ ಮಳೆ.

ಎಗಿಲ್ ಕತ್ತಲಾದ ಮೇಲೆ ಬಂದ. ನಾನು ಮೀನಿನ ಸೂಪು ಬಡಿಸಿಟ್ಟು ಮಾತಾಡದೆ ಕೂತೆ. ಅವನು ಚಮಚ ಹಿಡಿದು, ಇಟ್ಟು, ಮತ್ತೆ ಹಿಡಿದ.

"ನೀನು ಹೋದ ಮೇಲೆ ಅವನು ಏನೋ ಅಂದ" ಎಂದ ಕೊನೆಗೆ.

ನಾನು ಬ್ರೆಡ್ಡಿನ ತಟ್ಟೆಯನ್ನು ಅವನತ್ತ ಸರಿಸಿದೆ.

"ಎಲ್ಲರೂ ಅವರವರ ಮಾತಿಗೆ ತೊಡಗಿದ್ರು. ನಾವಿಬ್ರೇ ಮೇಜಲ್ಲಿ. ಅವನು ಕಪ್ ನೋಡ್ತಾ, 'ಚುಕ್ಕಾಣೀಲಿ ನಾನೇ ಇದ್ದೆ' ಅಂದ. ಮೆಲ್ಲಗೆ."

"ನೀನೇನಂದೆ?"

"ನಂಗೆ ಹೇಳಿದ್ದೋ ಅಲ್ವೋ ಅಂತ ಹೇಗೆ ಗೊತ್ತಾಗ್ಬೇಕು? ಹೆಸರು ಹಿಡಿದು ಕರೀಲಿಲ್ಲ. ಮುಖ ನೋಡ್ಲಿಲ್ಲ. ಎದ್ದು ಬಂದೆ."

"ಅಯ್ಯೋ ನಿನ್ನ! ಆ ಮೇಜಲ್ಲಿ ಇನ್ಯಾರಿದ್ರೋ?"

"ನೀನು ಹೋಗಿ ಕೇಳ್ಕೊಂಡು ಬಾ" ಎಂದ. ಐವತ್ತು ದಾಟಿದ ಗಂಡಸು, ಕಣ್ಣಲ್ಲಿ ನೀರು ತುಂಬಿತ್ತು. "ನಂಗೇ ಹೇಳಿದ್ದು ಅಂದ್ರೆ ನಾಳೆನೇ ಹೋಗ್ತೀನಿ. ದೇವರಾಣೆ ಹೋಗ್ತೀನಿ. ಇದೊಂದು ಸಲ ಕೇಳ್ಕೊಂಡು ಬಾ, ರೂನಾ."

ಮುಚ್ಚಿದ ಅಂಚೆಯನ್ನು ಅದೇ ದಿನ ತೆರೆದೆ. ತಲೆಗೆ ಟೋಪಿಯನ್ನೂ ಹಾಕಿಕೊಳ್ಳದೆ ಓಡಿದೆ. ಥೋರ್ಲಾಕನೇ ಬಾಗಿಲು ತೆರೆದ, ಒಂದು ಕೈ ಎದೆಯ ಮೇಲಿತ್ತು. ಒಳಗೆ ಕರೆಯಲಿಲ್ಲ.

"ಅಂಗಡೀಲಿ ನೀನಂದಿದ್ದು ಎಗಿಲ್‌ಗೇ ಅಲ್ವಾ? 'ನಾನೇ ಇದ್ದೆ' ಅಂದ್ಯಂತಲ್ಲ?"

ಅವನು ನನ್ನ ತಲೆಯ ಮೇಲಿಂದ ಬೀದಿಯನ್ನು ನೋಡಿದ, ಅಲ್ಲಿ ಇನ್ಯಾರಾದರೂ ಬಂದಿದ್ದಾರೆಯೇ ಎನ್ನುವಂತೆ. ಬೀದಿಯಲ್ಲಿ ಯಾರೂ ಇರಲಿಲ್ಲ.

"ಅವನು ಕಳಿಸಿದ್ನಾ?"

"ಹೌದು. ಅಳ್ತಾ ಕೂತಿದಾನೆ. ಹೌದು ಅಂದ್ಬಿಡು, ಥೋರ್ಲಾಕ್."

"ಕೇಳಿಸ್ಕೊಂಡು ಎದ್ದು ಹೋದ ಅವನು" ಎಂದ. "ಎದುರಿಗಿದ್ದಾಗ ಹೋದೋನು ಈಗ ನಿನ್ನ ಕಳಿಸ್ತಾನೆ. ನಾನು ಏನೂ ಅನ್ಲಿಲ್ಲ ಅಂತ ಹೇಳು."

ಬಾಗಿಲು ಮುಚ್ಚಿದ. ನಾನು ಎರಡು ಸಲ ತಟ್ಟಿದೆ, ಡಿಸಾ ಕಿಟಕಿಯಿಂದ ಹೋಗು ಎಂದು ಕೈ ಬೀಸಿದಳು.

ಮನೆಗೆ ಬಂದಾಗ ಎಗಿಲ್ ಬಾಗಿಲಲ್ಲೇ ನಿಂತಿದ್ದ. ಬೂಟು ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಹೊರಡಲು ತಯಾರಾಗಿದ್ದ.

"ಏನಂದ?"

ಸುಳ್ಳು ಹೇಳಬಹುದಿತ್ತು. ಆದರೆ ಈ ಮನೆತನಕ್ಕೆ ಒಂದು ಸುಳ್ಳೇ ಸಾಕಾಗಿತ್ತು. "ಏನೂ ಅನ್ಲಿಲ್ವಂತೆ" ಅಂದೆ.

ಎಗಿಲ್ ಬಾಗಿ ಬೂಟುಗಳನ್ನು ಬಿಚ್ಚಿ, ಜೋಡಿಸಿ ಗೋಡೆಯ ಬದಿಗಿಟ್ಟ.

"ನಂಗೆ ಮೊದ್ಲೇ ಗೊತ್ತಿತ್ತು" ಎಂದು ಹೇಳಿ, ತಣ್ಣಗಾಗಿದ್ದ ಸೂಪಿನ ಮುಂದೆ ಹೋಗಿ ಕೂತ.